‘ವಿಕಿರಣದ ಪ್ರಮಾಣ’ ಅಂದರೆ ಯಾವ ಪ್ರಮಾಣ?

ಗೆಳೆಯರೇ,

ಒಂದು ಪದದ ವಿಷಯದಲ್ಲಿ ನಿಮ್ಮ ಸಲಹೆ ಬೇಕು. ಭೌತವಿಜ್ಞಾನ ಮತ್ತು ಎಂಜಿನಿಯರಿಂಗ್ ವೈದ್ಯಕೀಯದಲ್ಲಿ ಹೇಗೆಲ್ಲ ಬಳಕೆಗೆ ಬಂದಿವೆ ಅನ್ನುವುದನ್ನು ಸಾಮಾನ್ಯ ಓದುಗರಿಗಾಗಿ ಬರೆಯುತ್ತಿದ್ದೇನೆ. ಎಕ್ಸ್-ರೇ, ಸಿಟಿ, ಪೆಟ್ ಸ್ಕ್ಯಾನ್, ರೇಡಿಯೋಥೆರಪಿ ಎಲ್ಲ ಬರುತ್ತವೆ. ಯಂತ್ರಗಳ ಹೆಸರಿನಲ್ಲಿ ನನಗೆ ತಕರಾರಿಲ್ಲ. ಸ್ಕ್ಯಾನ್ ಎಲ್ಲರ ಬಾಯಲ್ಲೂ ಸ್ಕ್ಯಾನೇ. ಅದಕ್ಕೆ ಸುಮ್ನೆ ಹೊಸ ಪದ ಕಟ್ಟಿ ಓದುಗರನ್ನು ಗೋಳು ಹೊಯ್ದುಕೊಳ್ಳುವುದು ಬೇಡ. ನಾನು ಸಿಕ್ಕಿಕೊಂಡಿರುವುದು ‘ಪ್ರಮಾಣ’ದಲ್ಲಿ.

ಈ ಮೂರು ವಾಕ್ಯ ನೋಡಿ. ‘ಸ್ಥಾವರದ ಸುತ್ತ ವಿಕಿರಣದ ಪ್ರಮಾಣ ಹೆಚ್ಚಾಗಿದೆ.’ ‘ಗಡ್ಡೆಗೆ ಕೊಡುವ ವಿಕಿರಣದ ಪ್ರಮಾಣವನ್ನು ವೈದ್ಯರು ನಿರ್ಧರಿಸುತ್ತಾರೆ.’ ‘ಸ್ಕ್ಯಾನ್‌ಗೆ ಮೊದಲು ಕೊಡುವ ಇಂಜೆಕ್ಷನ್‌ನಲ್ಲಿ ವಿಕಿರಣದ ಪ್ರಮಾಣ ಇಷ್ಟಿರುತ್ತದೆ.’ ಮೂರೂ ಸರಿಯಾದ ಕನ್ನಡವೇ. ಕಿವಿಗೂ ಏನೂ ಅಡ್ಡಿಯಿಲ್ಲ. ಆದರೆ ಮೂರೂ ಕಡೆ ಅಳೆಯುತ್ತಿರುವುದು ಬೇರೆ ಬೇರೆ ಸಂಗತಿ, ಅಳತೆಯ ಮಾನವೂ ಬೇರೆ. ಮೊದಲನೆಯದು ಗಂಟೆಗೆ ಇಷ್ಟು ಮೈಕ್ರೋಸೀವರ್ಟ್ ಅನ್ನುವ ಲೆಕ್ಕ (ಸೀವರ್ಟ್ ಅಂದರೆ ಮೈಗೆ ಆಗಬಹುದಾದ ಹಾನಿಯ ಅಂದಾಜಿನ ಮಾನ). ಎರಡನೆಯದು ಗ್ರೇ. ಮೂರನೆಯದು ಬೆಕೆರೆಲ್. ಓದುಗರು ಮೂರನ್ನೂ ಒಂದೇ ಅಂದುಕೊಂಡರೆ ಅವರನ್ನು ದೂರುವ ಹಾಗಿಲ್ಲ.

ಬೆಕೆರೆಲ್‌ನಿಂದ ಶುರು ಮಾಡುತ್ತೇನೆ. ಅದು ವಸ್ತುವಿನ ಲೆಕ್ಕ. ಸೆಕೆಂಡಿಗೆ ಒಂದು ಪರಮಾಣು ಬೀಜ ಕ್ಷಯಿಸಿದರೆ, ಅಂದರೆ ಕಿರಣ ಹೊಮ್ಮಿಸಿ ಬದಲಾದರೆ, ಒಂದು ಬೆಕೆರೆಲ್. ಹೊಮ್ಮಿದ ಕಿರಣ ಯಾರ ಮೈಗೆ ತಾಗಿತು, ಎಷ್ಟು ತಾಗಿತು ಅನ್ನುವುದು ಅದರಲ್ಲಿ ಬರುವುದೇ ಇಲ್ಲ. ನಮ್ಮ ಮೈಯಲ್ಲಿ ಸಹಜವಾಗಿ ಇರುವ ಪೊಟ್ಯಾಸಿಯಂ-40 ಒಂದೇ ಸುಮಾರು 4,000 ಬೆಕೆರೆಲ್‌ನಷ್ಟಿದೆ. ಕೇಳಿದರೆ ಗಾಬರಿಯಾಗುತ್ತದೆ, ಅಲ್ವಾ? ಆದರೆ ಅದರಿಂದ ಮೈಗೆ ವರ್ಷವಿಡೀ ಬರುವುದು 0.2 ಮಿಲಿಸೀವರ್ಟ್‌ಗಿಂತ ಕಡಿಮೆ. ಪೆಟ್ ಸ್ಕ್ಯಾನ್‌ಗೆ ಕೊಡುವ ಫ್ಲೋರಿನ್-18 ಕೆಲವು ನೂರು ಮೆಗಾಬೆಕೆರೆಲ್ ಇರುತ್ತದೆ, ಅಂದರೆ ಸೆಕೆಂಡಿಗೆ ಕೋಟಿಗಟ್ಟಲೆ ಬೀಜಗಳು ಕ್ಷಯಿಸುತ್ತಿರುತ್ತವೆ. ಅದರ ಅರ್ಧಾಯು, ಅಂದರೆ ಇದ್ದದ್ದು ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು, ಸುಮಾರು 110 ನಿಮಿಷ. ಹಾಗಾಗಿ ಮರುದಿನ ಅದೇ ಹೊತ್ತಿಗೆ ಎಂಟು ಸಾವಿರದಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ. ಇದನ್ನೆಲ್ಲ ‘ಪ್ರಮಾಣ’ ಅಂದುಬಿಟ್ಟರೆ ಔಷಧದ ಪ್ರಮಾಣವೋ ವಿಕಿರಣದ ಪ್ರಮಾಣವೋ ಅನ್ನುವ ಗೊಂದಲ ಬೇರೆ ಸೇರಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಆಕ್ಟಿವಿಟಿ’ ಅನ್ನುತ್ತಾರೆ, ಹಾಗಾಗಿ ‘ಚಟುವಟಿಕೆ’ ಅನ್ನೋಣ ಅಂದರೆ ‘ಔಷಧದ ಚಟುವಟಿಕೆ’ ಅಂತಾಗಿ, ಅದು ಒಳಗೆ ಓಡಾಡಿಕೊಂಡಿದೆಯೇನೋ ಅನ್ನಿಸುತ್ತದೆ. ಪಠ್ಯಪುಸ್ತಕಗಳ ‘ವಿಕಿರಣಪಟುತ್ವ’ ನೋಡಲು ಭಾರ, ಆದರೂ ಗೊಂದಲವಿಲ್ಲದ ಪದ. ಬರೀ ‘ಪಟುತ್ವ’ ಅಂತ ಮೊಟಕು ಮಾಡಿದರೆ ನಡೆದೀತೇ?

ಇನ್ನು ಗ್ರೇ. ಒಂದು ಕಿಲೋಗ್ರಾಂ ಅಂಗಾಂಶಕ್ಕೆ ಒಂದು ಜೂಲ್ ಶಕ್ತಿ ಇಳಿದರೆ ಒಂದು ಗ್ರೇ. ಇದನ್ನು ವಿವರಿಸುವಾಗ ಬಹಳ ಜನ ‘ಝಳ’, ‘ಕಾವು’, ‘ಸುಡುವುದು’ ಅನ್ನುವ ಪದಗಳ ಕಡೆ ಹೋಗುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಲೆಕ್ಕ ನೋಡಿ. ಇಡೀ ಮೈಗೆ ಒಮ್ಮೆಲೇ 4 ಗ್ರೇ ಬಿದ್ದು, ಚಿಕಿತ್ಸೆ ಸಿಗದೆ ಹೋದರೆ, ಸುಮಾರು ಅರ್ಧದಷ್ಟು ಜನ ಉಳಿಯುವುದಿಲ್ಲ. ಅಷ್ಟು ಭಯಂಕರ ಪ್ರಮಾಣ. ಆದರೆ ಶಕ್ತಿಯ ಲೆಕ್ಕದಲ್ಲಿ ಅದು ಕಿಲೋಗೆ 4 ಜೂಲ್ ಮಾತ್ರ. ಅದರಿಂದ ಮೈ ಬಿಸಿಯಾಗುವುದು ಒಂದು ಡಿಗ್ರಿ ಸೆಲ್ಸಿಯಸ್‌ನ ಸಾವಿರದಲ್ಲಿ ಒಂದು ಪಾಲಿನಷ್ಟು. ಜ್ವರ ನೋಡುವ ಥರ್ಮಾಮೀಟರಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಹಾನಿ ಮಾಡುವುದು ಬಿಸಿ ಅಲ್ಲ. ಕಿರಣ ಹಾದುಹೋಗುವಾಗ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಹಾಕುತ್ತದೆ, ಡಿಎನ್‌ಎ ಎಳೆಗಳು ತುಂಡಾಗುತ್ತವೆ, ಜೀವಕೋಶ ಒಡೆಯುವ ಹೊತ್ತಿಗೆ ಅದರ ಫಲ ಕಾಣುತ್ತದೆ. ‘ಕಾವು’ ಅನ್ನುವ ಪದ ಈ ಇಡೀ ಕಥೆಯನ್ನು ಮುಚ್ಚಿಹಾಕುತ್ತದೆ. ಇದೇ ಕಾರಣಕ್ಕೆ ಗ್ರೇಗೆ ‘ಹೀರಿದ ಡೋಸ್’ ಅನ್ನುವುದು ಒಳ್ಳೆಯದು ಅನ್ನಿಸುತ್ತದೆ. ಮೈಮೇಲೆ ಬಿದ್ದದ್ದೆಲ್ಲ ಒಳಗೆ ಉಳಿಯುವುದಿಲ್ಲ. ಎಕ್ಸ್-ರೇ ತೆಗೆಯುವಾಗ ಒಂದಿಷ್ಟು ಕಿರಣ ಮೈಯನ್ನು ದಾಟಿ ಆಚೆ ಹೋಗುವುದರಿಂದಲೇ ಚಿತ್ರ ಬರುವುದು. ಪೂರ್ತಿ ಹೀರಿಬಿಟ್ಟರೆ ಡಿಟೆಕ್ಟರ್‌ಗೆ ಏನೂ ಸಿಗದು.

ಮಾತಿನಲ್ಲಿ ರೇಡಿಯೋಥೆರಪಿಗೆ ‘ಕರೆಂಟ್ ಕೊಡೋದು’ ಅನ್ನುವವರಿದ್ದಾರೆ. ಕೇಳಿದವರು ಶಾಕ್ ಹೊಡೆಸುತ್ತಾರೆ ಅಂದುಕೊಂಡು ಹೆದರುತ್ತಾರೆ, ಆದ್ದರಿಂದ ಬರವಣಿಗೆಯಲ್ಲಿ ಬೇಡ. ಆದರೆ ತಮಾಷೆ ಏನೆಂದರೆ, ಯಂತ್ರದ ಹೊಟ್ಟೆಯೊಳಗೆ ನಡೆಯುವುದು ಕರೆಂಟಿನ ಆಟವೇ. ಲಿನಾಕ್ ಅನ್ನುವ ಆ ಯಂತ್ರ ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿ ಟಂಗ್‌ಸ್ಟನ್ ಗುರಿಗೆ ಬಡಿಸುತ್ತದೆ. ಅಲ್ಲಿಂದ ಹುಟ್ಟುವ ಎಕ್ಸ್-ರೇ ಗಡ್ಡೆಗೆ ಹೋಗುತ್ತದೆ. ಹಾಗೆ ನೋಡಿದರೆ ‘ಕರೆಂಟ್’ ಅಂದವರು ಪೂರ್ತಿ ದಾರಿ ತಪ್ಪಿಲ್ಲ.

‘ಡೋಸ್’ ಅಂದೆ. ಅದರಲ್ಲೂ ಒಂದು ತೊಡಕಿದೆ. ನಮಗೆ ಡೋಸ್ ಅಂದರೆ ಎಣಿಸುವ ವಸ್ತು. ಲಸಿಕೆಯ ಮೊದಲ ಡೋಸ್ ಆಯಿತು, ಎರಡನೆಯದು ಬಾಕಿ ಇದೆ. ವಿಕಿರಣದ ಡೋಸ್ ಅಳೆಯುವಂಥದ್ದು. ಗಡ್ಡೆಗೆ ಒಟ್ಟು 50 ಗ್ರೇ ಕೊಡಬೇಕೆಂದಿದ್ದರೆ ಅದನ್ನು ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ 25 ಸಲ ಕೊಡುತ್ತಾರೆ. ಎರಡು ಸಲದ ನಡುವೆ ಸುತ್ತಲಿನ ಒಳ್ಳೆಯ ಜೀವಕೋಶಗಳು ತಮ್ಮ ಹಾನಿಯನ್ನು ಒಂದಿಷ್ಟು ಸರಿಪಡಿಸಿಕೊಳ್ಳುತ್ತವೆ. ಕ್ಯಾನ್ಸರ್ ಕೋಶಗಳಿಗೆ ಈ ರಿಪೇರಿ ಕೆಲಸ ಅಷ್ಟಾಗಿ ಬರುವುದಿಲ್ಲ. ಈ ವ್ಯತ್ಯಾಸದ ಮೇಲೇ ಚಿಕಿತ್ಸೆ ನಿಂತಿದೆ. ಓದುಗರು ‘25 ಡೋಸ್’ ಅನ್ನುತ್ತಾರೆ, ಭೌತವಿಜ್ಞಾನಿ ‘50 ಗ್ರೇ ಡೋಸ್’ ಅನ್ನುತ್ತಾರೆ. ಇಲ್ಲಿ ನನಗೆ ಇಷ್ಟವಾಗಿರುವುದು ‘ಕಂತು’. ‘ಒಟ್ಟು ಡೋಸ್ 50 ಗ್ರೇ, 25 ಕಂತು, ಕಂತಿಗೆ 2 ಗ್ರೇ.’ ಓದಿದರೆ ಯಾರಿಗೂ ಅರ್ಥ ಕೇಳಬೇಕಾಗಿಲ್ಲ. ಸಾಲದ ವಾಸನೆ ಬರುತ್ತದೆ ಅಂತ ಯಾರಾದರೂ ಮೂಗು ಮುರಿಯಬಹುದು. ಮುರಿಯಲಿ ಬಿಡಿ.

ಡೋಸ್ ಬದಲು, ಅಳತೆ ಅನ್ನುವ ಅರ್ಥದ ‘ಮಾತ್ರೆ’ಯನ್ನು ವಾಪಸು ತರಬಹುದು ಅನ್ನುವವರಿಗೂ ಒಂದು ಮಾತು. ಛಂದಸ್ಸಿನಲ್ಲಿ ಮಾತ್ರೆ ಈಗಲೂ ಅಳತೆಯೇ, ನಿಜ. ಔಷಧದ ವಿಷಯ ಬಂದಾಗ ಮಾತ್ರ ಅದು ನುಂಗುವ ಗುಳಿಗೆ. ವಿಕಿರಣದ ಮಾತ್ರೆ ಅಂದರೆ ಜನ ನೀರು ಕೇಳುತ್ತಾರೆ.

ನಿಜವಾದ ಕಗ್ಗಂಟು ಇರುವುದು ಸೀವರ್ಟ್‌ನಲ್ಲಿ. ಎಲ್ಲ ಕಿರಣಗಳೂ ಒಂದೇ ಥರ ಹಾನಿ ಮಾಡುವುದಿಲ್ಲ. ಅಷ್ಟೇ ಗ್ರೇ ಇದ್ದರೂ, ಎಕ್ಸ್-ರೇಗೆ 1 ಅಂತ ಗುಣಿಸಿದರೆ ಆಲ್ಫಾ ಕಣಗಳಿಗೆ 20 ಅಂತ ಗುಣಿಸುತ್ತಾರೆ. ಆಮೇಲೆ ಎಲ್ಲ ಅಂಗಗಳೂ ಒಂದೇ ಅಲ್ಲ. ಶ್ವಾಸಕೋಶ, ಜಠರ, ಮೂಳೆಮಜ್ಜೆ, ಸ್ತನಗಳಿಗೆ ತಲಾ 0.12 ತೂಕ, ಥೈರಾಯ್ಡ್‌ಗೆ 0.04, ಚರ್ಮಕ್ಕೆ 0.01. ಹೀಗೆ ಅಂಗಕ್ಕೊಂದು ತೂಕ ಕೊಟ್ಟು ಕೂಡಿಸಿ, ಇಡೀ ಮೈಗೆ ಸೀವರ್ಟ್‌ನಲ್ಲಿ ಒಂದು ಅಂಕಿ ತೆಗೆಯುತ್ತಾರೆ. ಇಂಗ್ಲಿಷಿನಲ್ಲಿ ‘ಎಫೆಕ್ಟಿವ್ ಡೋಸ್’ ಅನ್ನುವ ಈ ಅಂಕಿಗೆ ಕನ್ನಡದಲ್ಲಿ ‘ಪರಿಣಾಮಕಾರಿ ಪ್ರಮಾಣ’ ಅಂತ ಬರೆದರೆ ಏನಾಗುತ್ತದೆ ಯೋಚಿಸಿ. ‘ಎದೆಯ ಸಿಟಿ ಸ್ಕ್ಯಾನ್‌ನ ಪರಿಣಾಮಕಾರಿ ಪ್ರಮಾಣ ಸುಮಾರು 6 ಮಿಲಿಸೀವರ್ಟ್.’ ನಮ್ಮ ಭಾಷೆಯಲ್ಲಿ ಪರಿಣಾಮಕಾರಿ ಮದ್ದು ಅಂದರೆ ಚೆನ್ನಾಗಿ ಕೆಲಸ ಮಾಡುವ ಮದ್ದು. ಹಾಗಾಗಿ ಓದುಗರಿಗೆ ಕೇಳಿಸುವುದು, ಸ್ಕ್ಯಾನ್ ಸರಿಯಾಗಿ ಬರಬೇಕಾದರೆ ಇಷ್ಟಾದರೂ ಕೊಡಲೇಬೇಕು ಅಂತ. ಹೇಳಹೊರಟಿದ್ದು ಅಪಾಯದ ಅಂದಾಜು, ತಲುಪಿದ್ದು ಗುಣಮಟ್ಟದ ಭರವಸೆ! ಇದಕ್ಕಿಂತ ಉಲ್ಟಾ ಇನ್ನೇನಿದೆ?

ನಾನು ಸದ್ಯಕ್ಕೆ ‘ಇಡೀ ಮೈ ಲೆಕ್ಕದ ಡೋಸ್’ ಅಂತ ಬರೆದಿದ್ದೇನೆ. ಉದ್ದವಾಯಿತು, ಆದರೆ ಅರ್ಥ ಕೆಡುವುದಿಲ್ಲ. ಪಕ್ಕದಲ್ಲಿ ಹೋಲಿಕೆಗೆ ಒಂದು ಅಂಕಿಯನ್ನೂ ಕೊಡುತ್ತೇನೆ: ಏನೂ ಸ್ಕ್ಯಾನ್ ಮಾಡಿಸದೆ ಸುಮ್ಮನಿದ್ದರೂ ನೆಲ, ಗಾಳಿ, ಆಹಾರ, ಆಕಾಶದಿಂದ ಒಬ್ಬರಿಗೆ ವರ್ಷಕ್ಕೆ ಬರುವುದು ಜಾಗತಿಕ ಸರಾಸರಿಯಲ್ಲಿ 2.4 ಮಿಲಿಸೀವರ್ಟ್. ಇದಕ್ಕೆ ಬಳಕೆಯಲ್ಲಿರುವ ‘ಹಿನ್ನೆಲೆ ವಿಕಿರಣ’ ಪರವಾಗಿಲ್ಲ, ಹಿನ್ನೆಲೆ ಗಾಯನ ನೆನಪಾದರೂ ಏನೂ ನಷ್ಟವಿಲ್ಲ. ‘ಇದ್ದೇ ಇರುವ ವಿಕಿರಣ’ ಅಂದರೆ ಇನ್ನೂ ಚೆನ್ನ.

ಕೊನೆಗೆ ಕ್ರಿಯಾಪದಗಳ ವಿಷಯ. ನಾಮಪದಗಳಿಗಿಂತ ಇಲ್ಲೇ ಜಾಸ್ತಿ ಎಡವುತ್ತಿದ್ದೇವೆ ಅನ್ನುವುದು ನನ್ನ ಅಭಿಪ್ರಾಯ. ‘ಬಟ್ಟೆಗೆ ವಿಕಿರಣ ಅಂಟಿದೆ’ ಅಂತ ಬರೆಯುತ್ತಾರೆ. ವಿಕಿರಣ ಅಂಟುವುದಿಲ್ಲ. ಅಂಟುವುದು ವಿಕಿರಣ ಹೊಮ್ಮಿಸುವ ವಸ್ತು, ದೂಳು, ದ್ರವ. ಅದನ್ನು ತೊಳೆಯಬಹುದು. ಎಕ್ಸ್-ರೇ ತೆಗೆಸಿಕೊಂಡು ಬಂದವರ ಮೈಯಿಂದ ಏನೂ ಹೊಮ್ಮುವುದಿಲ್ಲ, ಯಂತ್ರ ಆಫ್ ಆದ ಕ್ಷಣಕ್ಕೇ ಕಥೆ ಮುಗಿಯಿತು. ಆದರೆ ಥೈರಾಯ್ಡ್‌ಗೆಂದು ಅಯೋಡಿನ್-131 ತೆಗೆದುಕೊಂಡವರ ವಿಷಯ ಬೇರೆ. ಅದರ ಅರ್ಧಾಯು ಎಂಟು ದಿನ. ಅವರು ಕೆಲವು ದಿನ ಮಕ್ಕಳನ್ನು ಎತ್ತಿಕೊಳ್ಳಬಾರದು, ಗರ್ಭಿಣಿಯರಿಂದ ದೂರ ಇರಬೇಕು. ಈ ಇಬ್ಬರನ್ನೂ ‘ವಿಕಿರಣಕ್ಕೆ ಒಳಗಾದವರು’ ಅಂತ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ, ಒಬ್ಬರನ್ನು ಸುಮ್ಮನೆ ದೂರ ಇಡುತ್ತೇವೆ, ಇನ್ನೊಬ್ಬರಿಗೆ ಬೇಕಾದ ಎಚ್ಚರ ಹೇಳದೇ ಹೋಗುತ್ತೇವೆ. ಕನ್ನಡದಲ್ಲಿ ಇದಕ್ಕೆ ಬೇಕಾದ ಕ್ರಿಯಾಪದಗಳೆಲ್ಲ ಕೈಗೆ ಸಿಗುವಂತೆಯೇ ಇವೆ. ವಸ್ತುವಿನಿಂದ ಕಿರಣ ಹೊಮ್ಮುತ್ತದೆ. ಮೈಗೆ ತಾಗುತ್ತದೆ. ಅಂಗಾಂಶ ಹೀರುತ್ತದೆ. ವಸ್ತುವಾದರೆ ಅಂಟುತ್ತದೆ, ಸೋರುತ್ತದೆ, ಒಳಗೆ ಸೇರುತ್ತದೆ. ‘ವಿಕಿರಣ ಸೋರಿಕೆ’ ಅಂತ ತಲೆಬರಹ ಕೊಡುವ ಮೊದಲು, ಸೋರಿದ್ದು ವಸ್ತುವೋ ಅಥವಾ ಗೋಡೆಯ ರಕ್ಷಣೆ ಸಾಲದೆ ಕಿರಣವೇ ಆಚೆ ಬಂತೋ ಅಂತ ಒಮ್ಮೆ ಕೇಳಿಕೊಂಡರೆ ಸಾಕು.

ಎಂಆರ್‌ಐ ಅನ್ನು ಈ ಗುಂಪಿನಿಂದ ಹೊರಗಿಟ್ಟಿದ್ದೇನೆ. ಅದರಲ್ಲಿರುವುದು ಕಾಂತಕ್ಷೇತ್ರ ಮತ್ತು ರೇಡಿಯೋ ಅಲೆ, ಅವು ಅಣುಗಳಿಂದ ಎಲೆಕ್ಟ್ರಾನು ಕೀಳುವುದಿಲ್ಲ.

ನನ್ನ ಪ್ರಶ್ನೆಗಳು ಇವು. ‘ಪಟುತ್ವ’ ಒಂಟಿಯಾಗಿ ನಿಲ್ಲುತ್ತದೆಯೇ? ‘ಇಡೀ ಮೈ ಲೆಕ್ಕದ ಡೋಸ್’ಗಿಂತ ಚಿಕ್ಕದು ನಿಮ್ಮಲ್ಲಿ ಯಾರಿಗಾದರೂ ಹೊಳೆಯುತ್ತದೆಯೇ? ಮತ್ತೆ, ಗಂಟೆಗೆ ಇಷ್ಟು ಮೈಕ್ರೋಸೀವರ್ಟ್ ಅನ್ನುವುದಕ್ಕೆ ‘ಡೋಸ್ ದರ’ ಅಂತ ಬರೆದರೆ ಡೋಸಿನ ಬೆಲೆ ಎಷ್ಟು ಅಂತ ಕೇಳಿದ ಹಾಗಾಗುತ್ತದೆ. ‘ಡೋಸ್ ವೇಗ’ ಸರಿಹೋಗುತ್ತದೆಯೇ? ಸ್ಕ್ಯಾನ್ ವಿಭಾಗದಲ್ಲೋ ಲ್ಯಾಬಿನಲ್ಲೋ ದಿನವೂ ವಿಕಿರಣ ಅಳೆಯುವ ಮೀಟರ್ ಹಿಡಿಯುವವರು ಇಲ್ಲಿದ್ದರೆ, ಪಕ್ಕದವರಿಗೆ ಅಂಕಿ ಕೂಗಿ ಹೇಳುವಾಗ ನಿಮ್ಮ ಬಾಯಲ್ಲಿ ಏನು ಬರುತ್ತದೆ ಅನ್ನುವುದನ್ನು ದಯವಿಟ್ಟು ಬರೆಯಿರಿ.