ಕಂಪೈಲರ್‌ಗೆ (ಕೋಡನ್ನು ಓಡುವ ಪ್ರೋಗ್ರಾಂ ಮಾಡಿಕೊಡುವುದು) ಓಫಾಸ್ಟ್ ಅನ್ನುವ ಆಯ್ಕೆ ಹಾಕಿದ ಮೇಲೆ ಮಳೆ ಲೆಕ್ಕ ಕೆಟ್ಟಿತು. ಯಾವ ಸೆಟ್ಟಿಂಗ್ ಇಡಲಿ?

ತೋಟದಮಳೆ:
ನಮ್ಮ ಕಾಫಿ ತೋಟದಲ್ಲಿ ಅಜ್ಜನ ಕಾಲದಿಂದ ದಿನದ ಮಳೆ ಬರೆದಿಟ್ಟಿದ್ದಾರೆ, ಇಂಚು-ಸೆಂಟ್ ಲೆಕ್ಕದಲ್ಲಿ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ). ತಿಂಗಳ ಮೊತ್ತ, ಸರಾಸರಿ ತೆಗೆಯಲು ಸಿ ಪ್ಲಸ್ ಪ್ಲಸ್‌ನಲ್ಲಿ ಪ್ರೋಗ್ರಾಂ ಬರೆದಿದ್ದೇನೆ. ಅಳೆಯದೆ ಬಿಟ್ಟ ದಿನಕ್ಕೆ ಸೊನ್ನೆ ಹಾಕಿದರೆ ಮಳೆಯೇ ಬಂದಿಲ್ಲ ಅಂತಾಗುತ್ತದೆ, ಅಲ್ವಾ? ಅದಕ್ಕೇ ಅಲ್ಲಿ ನ್ಯಾನ್ ('ಇದು ಸಂಖ್ಯೆಯಲ್ಲ' ಅನ್ನುವ ಗುರುತು) ಇಟ್ಟು, ಕೂಡುವಾಗ ಈಸ್‌ನ್ಯಾನ್ ಪರೀಕ್ಷೆಯಿಂದ ಅದನ್ನು ಗುರುತಿಸಿ ಬಿಟ್ಟುಬಿಡುತ್ತೇನೆ.

ಮೊನ್ನೆ ಮೇಕ್‌ಫೈಲಿನಲ್ಲಿ (ಬಿಲ್ಡ್ ಸೂಚನೆ ಬರೆದಿಡುವ ಫೈಲು) ಓ2 ಅನ್ನುವ ವೇಗದ ಮಟ್ಟ ತೆಗೆದು ಓಫಾಸ್ಟ್, ಮಾರ್ಚ್=ನೇಟಿವ್ ಹಾಕಿದೆ. 1994ರ ಜುಲೈ ಸಾಲಿನಲ್ಲಿ ಮೊತ್ತದ ಜಾಗದಲ್ಲಿ ನ್ಯಾನ್ ಬಂತು. ಮನೆಯ ಹೊಸ ರೈಜನ್‌ನಲ್ಲಿ ಬಿಲ್ಡ್ ಮಾಡಿದ ಅದೇ ಬೈನರಿ (ಓಡಿಸುವ ಫೈಲು), ತೋಟದ 2011ರ ಐ5 ಲ್ಯಾಪ್‌ಟಾಪಿನಲ್ಲಿ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಅಂತ ನಿಂತೇ ಹೋಯಿತು. ಕೋಡ್ ಒಂದು ಸಾಲೂ ಮುಟ್ಟಿಲ್ಲ.

ಸೋರ್ಸ್‌ನಿಂದಲೇ:
ಎರಡೂ ಬೇರೆ ಬೇರೆ ತೊಂದರೆ ಸರ್. ನಾನು ಜೆಂಟೂ (ಎಲ್ಲವನ್ನೂ ಸೋರ್ಸ್‌ನಿಂದ ಬಿಲ್ಡ್ ಮಾಡಿಕೊಳ್ಳುವ ಲಿನಕ್ಸ್) ಬಳಸುವವನು, ಇಡೀ ಸಿಸ್ಟಮ್ ಓ2ನಲ್ಲೇ ಇಟ್ಟಿದ್ದೇನೆ.

ಓಫಾಸ್ಟ್ ಅಂದರೆ ಓ3ಗಿಂತ ಒಂದು ಮೆಟ್ಟಿಲು ಮೇಲೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಓ3 ಭಾಷೆಯ ನಿಯಮ ಮೀರುವುದಿಲ್ಲ. ಓಫಾಸ್ಟ್ ಹಾಕಿದರೆ ಫಾಸ್ಟ್-ಮ್ಯಾತ್ ಬರುತ್ತದೆ, ಅದರ ಹಿಂದೆಯೇ ಫೈನೈಟ್-ಮ್ಯಾತ್-ಓನ್ಲಿ. 'ಇಲ್ಲಿ ನ್ಯಾನ್ ಬರುವುದೇ ಇಲ್ಲ' ಅಂತ ನೀವು ಜಿಸಿಸಿ ಕಂಪೈಲರ್‌ಗೆ ಮಾತು ಕೊಟ್ಟಂತೆ. ಅದು ನಂಬಿತು. ಬರದೇ ಇರುವುದನ್ನು ನೋಡುವುದು ಯಾಕೆ ಅಂತ ಈಸ್‌ನ್ಯಾನ್ ಪರೀಕ್ಷೆಯನ್ನೇ ಕಿತ್ತುಹಾಕಿತು. ಒಂದು ದಿನದ ನ್ಯಾನ್ ಸೇರಿದರೆ ಸಾಕು, ಇಡೀ ತಿಂಗಳು ನ್ಯಾನ್. ಇದಾದರೂ ಕಣ್ಣಿಗೆ ಬಿತ್ತು, ಪುಣ್ಯ. ಕೂಡುವ ಕ್ರಮ ಬದಲಿಸಲೂ ಅದಕ್ಕೆ ಬಿಡುವು ಇದೆ, ಆಗ ಕೊನೆಯ ಅಂಕೆಗಳು ಸದ್ದಿಲ್ಲದೆ ಬದಲಾಗಬಹುದು. ನನಗೆ ಭಯ ಅದರದ್ದೇ ಜಾಸ್ತಿ. ಕ್ಲ್ಯಾಂಗ್ ಅನ್ನುವ ಇನ್ನೊಂದು ಕಂಪೈಲರ್ ಕೂಡ 2024ರಲ್ಲಿ ಬಂದ 19ನೇ ಆವೃತ್ತಿಯಿಂದ ಓಫಾಸ್ಟ್ ಹಾಕಿದರೆ ಎಚ್ಚರಿಸುತ್ತದೆ.

ಇನ್ನು ನೇಟಿವ್. ಬಿಲ್ಡ್ ಮಾಡುವ ಕಂಪ್ಯೂಟರಿನ ಪ್ರೊಸೆಸರ್ ಏನೇನು ಬಲ್ಲದೋ ಎಲ್ಲ ಬಳಸು ಅಂತ ಅದರ ಅರ್ಥ. ನಿಮ್ಮ ರೈಜನ್ ಪ್ರೊಸೆಸರ್ ಎವಿಎಕ್ಸ್2 ಅನ್ನುವ ಇನ್‌ಸ್ಟ್ರಕ್ಷನ್ ಗುಂಪನ್ನು ಬಲ್ಲದು. ಇಂಟೆಲ್ ಅದನ್ನು ತಂದಿದ್ದೇ 2013ರಲ್ಲಿ, ಹಳೇ ಐ5ಗೆ ಗೊತ್ತಾಗುವುದು ಹೇಗೆ?

ಓ2 ಇಡಿ, ಜೊತೆಗೆ ಮಾರ್ಚ್=ಎಕ್ಸ್86-64-ವಿ2 (ನಿಮ್ಮ ಹಳೇ ಐ5ಗೂ ಗೊತ್ತಿರುವ ಇನ್‌ಸ್ಟ್ರಕ್ಷನ್ ಮಾತ್ರ ಬಳಸು ಅಂತ). ಎರಡರಲ್ಲೂ ಓಡುತ್ತದೆ. ಜಿಸಿಸಿ 11 ಅಥವಾ ಹೊಸದು ಬೇಕು.

ತೋಟದಮಳೆ:
ಹಾಗಾದರೆ ಓ3 ಇಡಬಹುದಾ?

ಬಗ್‌ಬೇಟೆ:
ಇಡಬಹುದು, ಆದರೆ ಟೈಮ್ ಅಳೆದು ನೋಡಿ. ಎಷ್ಟೋ ಕಡೆ ಬೈನರಿ ದಪ್ಪ ಆಗುತ್ತದೆ ಅಷ್ಟೇ. ಓ3ನಲ್ಲಿ ಮಾತ್ರ ಕೆಡುತ್ತಿದ್ದ ಪ್ರೋಗ್ರಾಂ ಒಂದರ ಹಿಂದೆ ನಾನು ಎರಡು ದಿನ ಬಿದ್ದಿದ್ದೆ. ಕೊನೆಗೆ ನೋಡಿದರೆ ತಪ್ಪು ಕೋಡಿನಲ್ಲೇ ಇತ್ತು, ಇಂಟ್ ಓವರ್‌ಫ್ಲೋ (ಪೂರ್ಣಾಂಕ ತನ್ನ ಮಿತಿ ಮೀರುವುದು). ಮೊದಲು ಅಂಥ ತಪ್ಪು ಹಿಡಿಯುವ ಸ್ಯಾನಿಟೈಸ್=ಅನ್‌ಡಿಫೈನ್ಡ್ ಹಾಕಿ ಒಮ್ಮೆ ಓಡಿಸಿ.

ತೋಟದಮಳೆ:
ಓಡಿಸಿದೆ, ಏನೂ ಸಿಗಲಿಲ್ಲ. ಓ2, ವಿ2 ಹಾಕಿ ಮತ್ತೆ ಬಿಲ್ಡ್ ಮಾಡಿದೆ. ತೋಟದ ಲ್ಯಾಪ್‌ಟಾಪಿನಲ್ಲೂ ಸೆಕೆಂಡಿನೊಳಗೆ ಮುಗಿಯುತ್ತದೆ, ಓ3 ಬೇಕಾಗಿಲ್ಲ. 1994ರ ಜುಲೈ ಮೊತ್ತ, ಅಜ್ಜ ಡೈರಿಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಕೂಡಿಟ್ಟಿದ್ದಕ್ಕೆ ಸೆಂಟ್ ಸಮೇತ ತಾಳೆಯಾಯಿತು. ಇಬ್ಬರಿಗೂ ತುಂಬಾ ಥ್ಯಾಂಕ್ಸ್.