ಹೊಳೆದಂಡೆಯ ಊರನ್ನು ಬಿಟ್ಟು ಎತ್ತರದ ಜಾಗಕ್ಕೆ ಹೋಗಲು ಒಪ್ಪುವ ಮೊದಲು ಏನೇನು ಕೇಳಬೇಕು?

ಪ್ರಶ್ನೆ: ಮಲಪ್ರಭಾ ದಂಡೆಯವನು

ನಮ್ಮದು ಬಾದಾಮಿ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಗೆ ಅಂಟಿಕೊಂಡಿರುವ ಸಣ್ಣ ಊರು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಶುರುವಾಗಿ ಅಕ್ಟೋಬರ್ ಮೊದಲ ದಿನಗಳವರೆಗೆ ಸುರಿದ ಮಳೆಗೆ ಊರಿನ ಕೆಳಗೇರಿ ಪೂರ್ತಿ ಮುಳುಗಿತ್ತು. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಹೊಳೆ ನುಗ್ಗಿದಾಗ ನಮ್ಮ ಮಾಳಿಗೆ ಮನೆಯ ಹಿಂದಿನ ಗೋಡೆ ನೆನೆದು ಕುಸಿಯಿತು. ಈಗ ಊರನ್ನು ಮೂರು ಕಿಲೋಮೀಟರ್ ಆಚೆಯ ಎತ್ತರದ ಜಾಗಕ್ಕೆ ಸ್ಥಳಾಂತರಿಸುವ ಮಾತು ಮತ್ತೆ ಎದ್ದಿದ್ದು, ಮುಂದಿನ ಗ್ರಾಮಸಭೆಯಲ್ಲಿ ನಮ್ಮ ಒಪ್ಪಿಗೆ ಕೇಳಲಿದ್ದಾರೆ. ಮಕ್ಕಳ ಮುಖ ನೋಡಿದರೆ ಹೋಗುವುದೇ ಸರಿ ಎನಿಸುತ್ತದೆ; ಆದರೆ ನಮ್ಮವ್ವ, ಎತ್ತುಗಳನ್ನು ಎಲ್ಲಿ ಕಟ್ಟುತ್ತೀ ಎಂಬ ಒಂದೇ ಪ್ರಶ್ನೆ ಕೇಳುತ್ತಾರೆ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಈಗಾಗಲೇ ಸ್ಥಳಾಂತರಗೊಂಡ ಊರುಗಳವರು ತಮ್ಮ ಅನುಭವವನ್ನು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಆಸರೆ ಮನೆಯವಳು

ನಿಮ್ಮ ತಾಯಿಯವರು ಕೇಳಿದ್ದೇ ಮೊದಲು ಕೇಳಬೇಕಾದ ಪ್ರಶ್ನೆ. 2009ರ ನಂತರ, ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಸರ್ಕಾರ ಮಾಡಿದ ಆಸರೆ ಯೋಜನೆಯಲ್ಲಿ, ಹೊಸ ಬಡಾವಣೆಯಲ್ಲಿ ನಮಗೆ ಮನೆ ಸಿಕ್ಕಿತು. ಒಂದು ಪಡಸಾಲೆ, ಒಂದು ಕೋಣೆ, ಅಡುಗೆಗೆ ಒಂದು ಮೂಲೆ. ದನ ಕಟ್ಟಿ ಮೇವು ಹಾಕುವ ಗ್ವಾದಲಿಗೆ ಜಾಗವಿಲ್ಲ, ಬಣವೆ ಒಟ್ಟಲು ಜಾಗವಿಲ್ಲ, ತಿಪ್ಪೆಗೂ ಇಲ್ಲ. ಹೀಗಾಗಿ ದನಗಳು ಹಳೆಯ ಊರಿನಲ್ಲೇ ಉಳಿದವು, ಅವುಗಳ ಜೊತೆಗೆ ಮಾವನವರೂ ಉಳಿದರು, ಅವರಿಗೆ ರೊಟ್ಟಿ ಕಟ್ಟಿಕೊಂಡು ಹೋಗುವುದಕ್ಕೆಂದು ನಾನು ದಿನಾಲೂ ನಡೆದೆ. ಎರಡನೆಯ ವರ್ಷಕ್ಕೆ ನಾವೆಲ್ಲರೂ ಹಳೆಯ ಮನೆಗೇ ಮರಳಿದ್ದೆವು. ಬಡಾವಣೆಯ ಮನೆಗೆ ಬೀಗ ಬಿತ್ತು. ಎರೆ ನೆಲದ ಮೇಲೆ ಆಳವಿಲ್ಲದ ಪಾಯ ಹಾಕಿದ್ದರಿಂದ ಬೇಸಿಗೆಯಲ್ಲಿ ನೆಲ ಬಿರಿದಾಗಲೆಲ್ಲ ಗೋಡೆಯೂ ಬಿರಿಯುತ್ತಿತ್ತು.

ಪೆಟ್ಟು ಬಿದ್ದಿದ್ದು 2019ರಲ್ಲಿ. ಪೂರ್ತಿ ಬಿದ್ದ ಮನೆಗೆ ಸರ್ಕಾರ ಐದು ಲಕ್ಷ ರೂಪಾಯಿ ಘೋಷಿಸಿತ್ತು. ನಮ್ಮ ಹಳೆಯ ಮನೆ ಪೂರ್ತಿಯೇ ಬಿದ್ದಿತ್ತು, ಆದರೆ ನಿಮಗೆ ಹಿಂದೆಯೇ ಮನೆ ಕೊಟ್ಟಾಗಿದೆ ಎಂದು ಹೇಳಿ ಪಟ್ಟಿಯಿಂದ ಹೆಸರು ತೆಗೆದರು. ಆದ್ದರಿಂದ ಹೊಸ ಮನೆ ಪಡೆದ ಮೇಲೆ ಹಳೆಯ ಜಾಗ ಯಾರದ್ದಾಗುತ್ತದೆ, ಅಲ್ಲಿ ದನ ಕಟ್ಟಲು ಅನುಮತಿ ಇರುತ್ತದೆಯೇ ಎಂಬುದನ್ನು ಸಭೆಯ ನಡಾವಳಿಯಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಸಾಲದು. ಹಕ್ಕುಪತ್ರ ಮನೆಯ ಹೆಣ್ಣುಮಕ್ಕಳ ಹೆಸರಿನಲ್ಲಿ ಬರುವಂತೆಯೂ ನೋಡಿಕೊಳ್ಳಿ.

ಉತ್ತರ: ನಿವೃತ್ತ ನೀರಾವರಿ ಎಂಜಿನಿಯರ್

ಮನೆಯ ಮಾತನ್ನು ಸಹೋದರಿ ಹೇಳಿದ್ದಾರೆ. ನಾನು ಹೊಳೆಯ ಮಾತು ಹೇಳುತ್ತೇನೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಸವದತ್ತಿಯ ಬಳಿ ನವಿಲುತೀರ್ಥ ಅಣೆಕಟ್ಟೆ ಇದೆ, ಅದರ ಸಾಮರ್ಥ್ಯ ಸುಮಾರು 37 ಟಿಎಂಸಿ. ಅದು ತುಂಬದ ವರ್ಷಗಳೇ ಹೆಚ್ಚಾದ್ದರಿಂದ ಕೆಳಗಿನ ಪಾತ್ರಕ್ಕೆ ನೀರು ಬರುವುದು ಕಡಿಮೆಯಾಯಿತು. ಒಣಗಿದ ಪಾತ್ರದಲ್ಲಿ ಜಾಲಿ ಬೆಳೆಯಿತು, ಎರಡೂ ದಂಡೆಗಳ ಒಕ್ಕಲು ವರ್ಷ ವರ್ಷವೂ ಒಂದೊಂದು ಸಾಲು ಒಳಗೆ ಸರಿಯಿತು. ಹೀಗೆ ಬಡವಾದ ಹೊಳೆಗೆ, ಪಶ್ಚಿಮಘಟ್ಟದಲ್ಲಿ ಕೆಲವೇ ದಿನಗಳಲ್ಲಿ ವಿಪರೀತ ಮಳೆ ಸುರಿದು ಗೇಟು ಎತ್ತಿದಾಗ, ಹರಿಯಲು ಊರುಗಳ ಹೊರತು ಬೇರೆ ದಾರಿ ಉಳಿದಿರುವುದಿಲ್ಲ. ದೂರನ್ನೆಲ್ಲ ಮಳೆಯ ಮೇಲೆ ಹಾಕುವುದು ನಮಗೆ ಅನುಕೂಲ, ಅಷ್ಟೇ.

ಇನ್ನೊಂದು ಸಂಗತಿಯನ್ನು ಬಹಳ ಜನ ಮರೆಯುತ್ತಾರೆ. ಬೆಣ್ಣಿಹಳ್ಳವು ನವಲಗುಂದದ ಎರೆ ಸೀಮೆಯನ್ನು ಹಾದು ಅಣೆಕಟ್ಟೆಯ ಕೆಳಗಡೆ, ರೋಣ ತಾಲ್ಲೂಕಿನ ಕಡೆ ಮಲಪ್ರಭೆಯನ್ನು ಸೇರುತ್ತದೆ. ಗೇಟು ಮುಚ್ಚಿದೆ ಎಂದು ನೆಮ್ಮದಿಯಿಂದ ಮಲಗಿದವರ ಬಾಗಿಲಿಗೂ ಆ ಹಳ್ಳದ ನೀರು ಬರಬಹುದು. ಜಲಾಶಯದ ಹೊರಹರಿವಿನ ಸೂಚನೆಯೊಂದನ್ನೇ ನಂಬದೆ, ಹಳ್ಳದ ಮೇಲ್ಭಾಗದ ಮಳೆಯ ಲೆಕ್ಕವನ್ನೂ ಊರಿನ ಒಬ್ಬಿಬ್ಬರು ದಿನಾ ಗಮನಿಸಬೇಕು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ.

ಹಣದ ವಿಷಯಕ್ಕೆ ಬಂದರೆ, 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವು ಜಿಲ್ಲೆಗೊಂದು ಯೋಜನೆ ಮಾಡಬೇಕು. 15ನೆಯ ಹಣಕಾಸು ಆಯೋಗವು ರಾಜ್ಯದ ವಿಪತ್ತು ನಿಧಿಯಲ್ಲಿ ಶೇ. 20ರಷ್ಟನ್ನು ಅಪಾಯ ತಗ್ಗಿಸುವ ಕೆಲಸಗಳಿಗೆಂದೇ ಬೇರ್ಪಡಿಸಿತು. ನೆರೆ ಬಂದ ಮೇಲಿನ ಪರಿಹಾರಕ್ಕೆ ಎಲ್ಲರೂ ಅರ್ಜಿ ಹಾಕುತ್ತಾರೆ, ನೆರೆ ಬರುವ ಮೊದಲಿನ ಕೆಲಸಕ್ಕೆ ಹಾಕುವವರು ವಿರಳ. ನಿಮ್ಮ ಪಂಚಾಯಿತಿ ಹಾಕಲಿ.

ಉತ್ತರ: ಸಿದ್ದಾಪುರ, ಕೊಡಗು

ನಮ್ಮಲ್ಲಿ 2018ರ ಭೂಕುಸಿತದಲ್ಲಿ ಮನೆ ಕಳೆದುಕೊಂಡವರಿಗೆ ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಎರಡು ಮಲಗುವ ಕೋಣೆಗಳ ಒಳ್ಳೆಯ ಮನೆಗಳೇ ಆದವು. 2019ರಲ್ಲಿ ಕಾವೇರಿ ಉಕ್ಕಿದಾಗ ಕರಡಿಗೋಡು, ನೆಲ್ಯಹುದಿಕೇರಿಗಳ ದಂಡೆಯಲ್ಲಿ ಮನೆ ಕಳೆದುಕೊಂಡವರ ಕಥೆ ಅಷ್ಟು ಸರಳವಾಗಿರಲಿಲ್ಲ, ಏಕೆಂದರೆ ಅವರಲ್ಲಿ ಅನೇಕರು ತೋಟದ ಕೂಲಿಯವರು, ಕೂತ ಜಾಗಕ್ಕೆ ಕಾಗದವಿಲ್ಲದವರು. ಮಳೆಗಾಲ ಮುಗಿದ ಮೇಲೆ ಅದೇ ದಂಡೆಗೆ ಹಿಂದಿರುಗಿ ಟಾರ್ಪಾಲು ಕಟ್ಟಿದವರನ್ನು ಕಣ್ಣಾರೆ ಕಂಡಿದ್ದೇನೆ. ಕೆಲಸವಿರುವ ತೋಟ ಅಲ್ಲೇ ಇದೆಯಲ್ಲ. ನಿಮ್ಮ ಊರಿನಲ್ಲಿಯೂ ಬಾಡಿಗೆಗಿರುವವರು, ಲಾವಣಿಗೆ, ಅಂದರೆ ಗುತ್ತಿಗೆಗೆ, ಹೊಲ ಮಾಡುವವರು, ಒಂದೇ ಸೂರಿನಡಿ ಬೇರೆಯಾಗಿ ಉಣ್ಣುವ ಅಣ್ಣತಮ್ಮಂದಿರು ಇರುತ್ತಾರೆ. ಫಲಾನುಭವಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಹೆಸರು ಹಿಡಿದು ಗಟ್ಟಿಯಾಗಿ ಓದಿಸಿ. ಅಧಿಕಾರಿಗಳು ಹೋದ ಮೇಲೆ ಹೆಸರು ಸೇರಿಸುವುದು ವರ್ಷಗಳ ಕೆಲಸ.

ಮಲಪ್ರಭಾ ದಂಡೆಯವನು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಹಿರಿಯರಿಬ್ಬರನ್ನು ಕರೆದುಕೊಂಡು ಹನುಮಪ್ಪನ ಗುಡಿಯ ಕಂಬದ ಮೇಲೆ ಎರಡೂ ವರ್ಷಗಳ ನೀರಿನ ಮಟ್ಟವನ್ನು ಸುಣ್ಣದಲ್ಲಿ ಗುರುತಿಸಿದೆ. ನಂತರ ತೋರಿಸಿರುವ ಹೊಸ ಜಾಗಕ್ಕೂ ಹೋದೆವು. ಜಾಗವೇನೋ ಎತ್ತರದಲ್ಲಿದೆ, ಆದರೆ ಅದರ ಬೆನ್ನಿಗೆ ಒಂದು ಸಣ್ಣ ಹಳ್ಳವಿದ್ದು, 2009ರಲ್ಲಿ ಅಲ್ಲಿ ಎದೆಮಟ್ಟ ನೀರು ಹರಿದಿತ್ತು ಎಂದು ಹಿರಿಯರಲ್ಲೊಬ್ಬರು ಹೇಳಿದರು. ಬಡಾವಣೆಯ ನಕ್ಷೆಯಲ್ಲಿ ಆ ಹಳ್ಳವನ್ನು ಕಾಣಿಸಿಯೇ ಇಲ್ಲ. ಗ್ರಾಮ ನಕ್ಷೆಯ ಪ್ರತಿಗೆ ಅರ್ಜಿ ಕೊಟ್ಟಿದ್ದೇನೆ. ಅದು ಕೈಸೇರುವವರೆಗೆ ಒಪ್ಪಿಗೆಯ ಸಹಿಯನ್ನು ತಡೆದಿಡಲು, ಮತ್ತು ಸಹಿಯ ಕಾಗದದಲ್ಲಿ ದನದ ಕೊಟ್ಟಿಗೆಯ ಜಾಗವನ್ನೂ ಅಳತೆ ಸಮೇತ ಬರೆಸಲು ನಮ್ಮ ಓಣಿಯವರೆಲ್ಲ ಒಪ್ಪಿದ್ದಾರೆ.