ಖಾಲಿ ಕೋಣೆ, ಸವೆದ ಮೆಟ್ಟಿಲು: ಈ ಚಿತ್ರಗಳನ್ನು ಹೇಗೆ ನೋಡುತ್ತೀರಿ?

ಪ್ರಶ್ನೆ: ಹಳೆಯ ಮನೆಯ ಒಳಗು, ಮೆಟ್ಟಿಲು, ಮುಚ್ಚಿದ ಬಾಗಿಲು ಇಷ್ಟೇ ಇರುವ ವರ್ಣಚಿತ್ರಗಳ ಮುಂದೆ ಕೆಲವರು ಮೈಮರೆತು ನಿಲ್ಲುತ್ತಾರೆ. ನನಗೆ ಅಲ್ಲಿ ಕಥೆಯೇ ಕಾಣುವುದಿಲ್ಲ. ನಿಮಗೆ ಈ ರುಚಿ ಹತ್ತಿದ್ದು ಹೇಗೆ? ಅನುಭವ ತಿಳಿಸಿ.

ಉತ್ತರ 1: ನನಗೆ ದಾರಿ ತೋರಿಸಿದ್ದು ಡಚ್ ಚಿತ್ರಕಾರ ರೆಂಬ್ರಾಂಟ್ 1632ರಲ್ಲಿ ಬರೆದ ಪುಟ್ಟ ಚಿತ್ರ. ಮೂಲ ಚಿತ್ರ ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿದೆ. ಅಗಲ ಸುಮಾರು 34 ಸೆಂಟಿಮೀಟರ್, ಎತ್ತರ 28. ಕಿಟಕಿಯ ಬಳಿ ಮುದುಕನೊಬ್ಬ ಕುಳಿತಿದ್ದಾನೆ. ನಡುವೆ ಸುರುಳಿ ಮೆಟ್ಟಿಲು ಕತ್ತಲೆಗೆ ಏರಿಹೋಗುತ್ತದೆ. ಅದರ ಮುದ್ರಿತ ಪ್ರತಿ ನನ್ನ ಮೇಜಿನ ಮೇಲಿತ್ತು. ಎಷ್ಟೋ ದಿನ ಮುದುಕನನ್ನಷ್ಟೇ ನೋಡಿದೆ. ಒಂದು ಸಂಜೆ ಸುಮ್ಮನೆ ಕುಳಿತು ಆ ಮೆಟ್ಟಿಲುಗಳನ್ನು ಕಣ್ಣಿನಿಂದಲೇ ಒಂದೊಂದಾಗಿ ಹತ್ತತೊಡಗಿದೆ. ಕೆಳಗೆ ಅಂಚುಗಳನ್ನು ಎಣಿಸಬಹುದು. ಮೇಲೇರಿದಂತೆ ಅಂಚು ಕರಗಿ, ಕಂದು ಬಣ್ಣದ ಮಬ್ಬಷ್ಟೇ ಉಳಿಯುತ್ತದೆ. ಅಲ್ಲಿಂದ ಇಳಿದು ಬಂದಾಗ ಬಲಗಡೆಯ ಮೂಲೆಯಲ್ಲಿ ಬಗ್ಗಿ ಬೆಂಕಿ ನೋಡಿಕೊಳ್ಳುತ್ತಿರುವ ಹೆಂಗಸು ಕಂಡಳು. ಅಷ್ಟು ದಿನವೂ ಅವಳು ಅಲ್ಲಿಯೇ ಇದ್ದಳು! ನನಗೆ ಮೈ ಜುಮ್ಮೆಂದಿತು. ಆಮೇಲೆ ಯಾವ ಚಿತ್ರ ಸಿಕ್ಕರೂ ಬೆಳಕು ಎಲ್ಲಿಂದ ಒಳಗೆ ಬಂತು, ಎಲ್ಲಿಯವರೆಗೆ ನಡೆದು ಸೋತಿತು ಎಂದು ಮೊದಲು ನೋಡುತ್ತೇನೆ.

ಉತ್ತರ 2: ಕಥೆ ಬೇಕೇ ಬೇಕೆಂದಿದ್ದರೆ ಡಚ್ ಚಿತ್ರಕಾರ ನಿಕೊಲಾಸ್ ಮಾಸ್‌ನಿಂದ ಆರಂಭಿಸಿ. 1650ರ ದಶಕದ ಅವನ ಚಿತ್ರಗಳಲ್ಲಿ ಮನೆಯೊಡತಿ ಮೆಟ್ಟಿಲಿಳಿಯುತ್ತ ತುಟಿಯ ಮೇಲೆ ಬೆರಳಿಟ್ಟು ನಮ್ಮತ್ತ ನೋಡುತ್ತಾಳೆ. ಅವಳು ಯಾರ ಮಾತಿಗೋ ಕಿವಿಗೊಟ್ಟಿದ್ದಾಳೆ. ಆ ಮೆಟ್ಟಿಲು ಬರೀ ಓಡಾಡುವ ದಾರಿಯಾಗಿದ್ದರೆ ಆ ಗುಟ್ಟು ಹುಟ್ಟುತ್ತಲೇ ಇರಲಿಲ್ಲ.

ಉತ್ತರ 3: ನನ್ನ ಸಲಹೆ ಬೇರೆ. ಒಂದೇ ಮನೆಯ ಹಲವು ಚಿತ್ರಗಳನ್ನು ಒಟ್ಟಿಗೆ ನೋಡಿ. ಡೆನ್ಮಾರ್ಕಿನ ವಿಲ್ಹೆಲ್ಮ್ ಹಾಮರ್ಸ್‌ಹೋಯ್ 1898ರಿಂದ 1909ರವರೆಗೆ ಕೋಪನ್‌ಹೇಗನ್ನಿನ ಒಂದೇ ಮನೆಯಲ್ಲಿದ್ದು, ಅದೇ ಕೋಣೆಗಳನ್ನು ಮತ್ತೆ ಮತ್ತೆ ಬರೆದ. ಕೆಲವದರಲ್ಲಿ ಅವನ ಹೆಂಡತಿ ಈಡಾ ನಮಗೆ ಬೆನ್ನು ಹಾಕಿ ನಿಂತಿದ್ದಾಳೆ. 1900ರ ಒಂದು ಚಿತ್ರದಲ್ಲಿ ಯಾರೂ ಇಲ್ಲ, ಮೇಜು ಕುರ್ಚಿಯೂ ಇಲ್ಲ. ಕಿಟಕಿಯಿಂದ ಓರೆಯಾಗಿ ಇಳಿದ ಬಿಸಿಲುಕೋಲು, ಅದರೊಳಗೆ ಧೂಳು, ನೆಲದ ಮೇಲೆ ಕಿಟಕಿಯ ಚೌಕಗಳು. ಅಷ್ಟೇ. ಅದನ್ನು ನೋಡಿದ ಮೇಲೆ ನಮ್ಮ ಮನೆಯ ಮರದ ಮೆಟ್ಟಿಲನ್ನು ಪೆನ್ಸಿಲ್‌ನಲ್ಲಿ ಬರೆಯಲು ಕುಳಿತೆ. ಹಲಗೆಗಳ ನಡುಭಾಗ ತಗ್ಗಾಗಿತ್ತು. ಆದರೆ ಎಲ್ಲಕ್ಕಿಂತ ಹೆಚ್ಚು ಸವೆದಿದ್ದು ಕೆಳಗಿನ ಹಲಗೆ, ಅದೂ ಒಂದು ಪಕ್ಕಕ್ಕೆ. ತಿರುವಿನಲ್ಲಿ ಎಲ್ಲರೂ ಗೋಡೆ ಹಿಡಿದು ಕಾಲಿಟ್ಟ ಜಾಗ. ದಿನಕ್ಕೆ ಹತ್ತು ಬಾರಿ ತುಳಿದರೂ ಬರೆಯುವವರೆಗೆ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಚೆನ್ನಾಗಿ ಬರೆಯಲು ಬರಬೇಕೆಂದೇನೂ ಇಲ್ಲ, ಒಂದು ಸಲ ಬರೆದು ನೋಡಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ರೆಂಬ್ರಾಂಟ್ ಚಿತ್ರವನ್ನು ಹುಡುಕಿ, ಹೇಳಿದಂತೆಯೇ ಮೆಟ್ಟಿಲು ಹತ್ತಿ ಇಳಿದೆ. ಹೆಂಗಸು ಸಿಕ್ಕಳು. ಮುದುಕನ ಪಕ್ಕದ ಗೋಡೆಯಲ್ಲಿ ತಗ್ಗಾದ ಬಾಗಿಲೊಂದಿದೆ, ಅದರ ಬಗ್ಗೆ ನೀವು ಯಾರೂ ಹೇಳಲಿಲ್ಲವಲ್ಲ?